ಸಂತ ಅಂತೋಣಿಯವರ ಮಂಗಳವಾರದ ಭಕ್ತಿ: ಪ್ರಾರ್ಥನೆಯ ಜೊತೆ ಬಡವರ ರೊಟ್ಟಿಯನ್ನೂ ಅರ್ಪಿಸುವ ಬಗೆ

ಮಂಗಳವಾರ ಸಂಜೆ ಸಂತ ಅಂತೋಣಿಯವರ ನವೇನಕ್ಕೆ, ಅಂದರೆ ಸಾಲಾಗಿ ಹಲವು ದಿನ ಅಥವಾ ವಾರ ನಡೆಸುವ ಪ್ರಾರ್ಥನೆಗೆ, ಹೋದವರಿಗೆ ಅನೇಕ ದೇವಾಲಯಗಳಲ್ಲಿ ಎರಡು ಪೆಟ್ಟಿಗೆಗಳು ಕಾಣುತ್ತವೆ. ಒಂದು ಕೋರಿಕೆಯ ಚೀಟಿ ಹಾಕುವುದಕ್ಕೆ, ಇನ್ನೊಂದು ಬಡವರ ರೊಟ್ಟಿಗೆಂದು ಕಾಣಿಕೆ ಹಾಕುವುದಕ್ಕೆ. ಮೊದಲನೆಯದರ ಮುಂದೆ ನಾವು ಕಣ್ಣುಮುಚ್ಚಿ ಬಹಳ ಹೊತ್ತು ನಿಲ್ಲುತ್ತೇವೆ. ಎರಡನೆಯದಕ್ಕೆ ಜೇಬಿನಲ್ಲಿ ಕೈಗೆ ಸಿಕ್ಕ ಚಿಲ್ಲರೆ ಹಾಕಿ ಮುಂದೆ ನಡೆಯುತ್ತೇವೆ. ಈ ಭಕ್ತಿ ಬೆಳೆದು ಬಂದ ದಾರಿಯನ್ನು ಬಲ್ಲವರಿಗೆ ಆ ಎರಡೂ ಪೆಟ್ಟಿಗೆಗಳು ಒಂದೇ ಪ್ರಾರ್ಥನೆಗೆ ಸೇರಿದವು ಎಂಬುದು ಗೊತ್ತಿರುತ್ತದೆ. ಹೊಸದಾಗಿ ನವೇನ ಆರಂಭಿಸುವವರಿಗೂ, ವರ್ಷಗಳಿಂದ ಮಾಡುತ್ತಿದ್ದು ಅದಕ್ಕೆ ಮತ್ತೆ ಜೀವ ತುಂಬಬೇಕೆನ್ನುವವರಿಗೂ ಇದನ್ನು ಬರೆಯುತ್ತಿದ್ದೇನೆ.

ಆರಂಭಕ್ಕೆ ಮೊದಲು ಒಂದು ವಿಷಯ ಮನಸ್ಸಿನಲ್ಲಿ ಸ್ಪಷ್ಟವಾಗಿರಬೇಕು. ಕಥೋಲಿಕ ಧರ್ಮಸಭೆಯ ಬೋಧನೆಯಂತೆ ಆರಾಧನೆ ಸಲ್ಲುವುದು ದೇವರೊಬ್ಬರಿಗೇ. ಸಂತರಿಗೆ ಸಲ್ಲುವುದು ಗೌರವ. ಸಂತರ ಮೊರೆಹೋಗುವುದು ಒಳ್ಳೆಯದು, ಪ್ರಯೋಜನಕರ ಎಂದು 1563ರಲ್ಲಿ ತ್ರೆಂತ್ ಮಹಾಸಭೆ ಬೋಧಿಸಿದಾಗ, ವರಗಳು ದೊರೆಯುವುದು ದೇವರಿಂದ, ಅವರ ಪುತ್ರ ಯೇಸುಕ್ರಿಸ್ತರ ಮುಖಾಂತರ ಎಂಬುದನ್ನೂ ಜೊತೆಯಲ್ಲೇ ಹೇಳಿತು. ನಮ್ಮ ಮನವಿಮಾಲೆಯನ್ನು ಗಮನವಿಟ್ಟು ಕೇಳಿದರೆ ಈ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ: ಪ್ರಭುವಿನ ಹೆಸರು ಬಂದಾಗ ದಯೆ ತೋರಬೇಕೆಂದು ಬೇಡುತ್ತೇವೆ, ಸಂತರ ಹೆಸರು ಬಂದಾಗ ನಮಗಾಗಿ ಪ್ರಾರ್ಥಿಸಿರಿ ಎನ್ನುತ್ತೇವೆ. ಮನೆಯಲ್ಲಿ ನಾವೇ ಮಾತು ಕಟ್ಟಿ ಪ್ರಾರ್ಥಿಸುವಾಗಲೂ ಇದೇ ಕ್ರಮವನ್ನು ಉಳಿಸಿಕೊಂಡರೆ ದಾರಿ ತಪ್ಪುವುದಿಲ್ಲ.

ಎರಡನೆಯದಾಗಿ, ಯಾರ ಬಿನ್ನಹವನ್ನು ಕೋರುತ್ತೇವೆಯೋ ಅವರನ್ನು ಅರಿತುಕೊಳ್ಳಬೇಕು. ಕಳೆದುಹೋದ ಬೀಗದ ಕೈ ಹುಡುಕಿಕೊಡುವ ಸಂತ ಎಂದಷ್ಟೇ ಅಂತೋಣಿಯವರನ್ನು ಬಲ್ಲವರು ಅವರ ಬದುಕಿನ ಸ್ವಲ್ಪ ಭಾಗವನ್ನು ಮಾತ್ರ ಬಲ್ಲರು. 1195ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ, ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದ ಅವರ ಮೊದಲ ಹೆಸರು ಫೆರ್ನಾಂದೋ. ಅಗಸ್ಟೀನರ ನಿಯಮವನ್ನು ಪಾಲಿಸುವ ಮಠಕ್ಕೆ ಸೇರಿ ಕೊಯಿಂಬ್ರಾದಲ್ಲಿ ಬೈಬಲನ್ನು ಆಳವಾಗಿ ಅಭ್ಯಸಿಸುತ್ತಿದ್ದಾಗ, ಮೊರಾಕ್ಕೋದಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟು ರಕ್ತಸಾಕ್ಷಿಗಳಾದ ಐವರು ಫ್ರಾನ್ಸಿಸ್ಕನ್ ಸಹೋದರರ ಪಾರ್ಥಿವ ಶರೀರಗಳನ್ನು ಆ ಊರಿಗೆ ತಂದರು. ಅದನ್ನು ಕಂಡ ಅವರು 1220ರಲ್ಲಿ ಫ್ರಾನ್ಸಿಸ್ಕನ್ ಸಭೆಗೆ ಸೇರಿ ಅಂತೋಣಿ ಎಂಬ ಹೆಸರು ತಳೆದರು. ತಾವೂ ಮೊರಾಕ್ಕೋಗೆ ಹೊರಟರು. ಅಲ್ಲಿ ಕಾಯಿಲೆ ಬಿದ್ದರು. ಮರಳುವ ಹಡಗು ಬಿರುಗಾಳಿಗೆ ಸಿಕ್ಕಿ ಸಿಸಿಲಿಯ ದಡ ಸೇರಿತು. ಹೀಗೆ ತಾವು ಬಯಸದ ದೇಶವೊಂದರಲ್ಲಿ ಅವರ ಸೇವೆ ನಡೆಯಿತು. ಇಟಲಿಯ ಪಾದುವಾ ನಗರದ ಹೊರವಲಯದಲ್ಲಿ, 1231ರ ಜೂನ್ 13ರಂದು, ಇನ್ನೂ 36ರ ಆಸುಪಾಸಿನಲ್ಲಿ ಅವರು ತೀರಿಕೊಂಡರು. ಒಂದು ವರ್ಷ ತುಂಬುವ ಮೊದಲೇ, 1232ರ ಮೇ 30ರಂದು, ಒಂಬತ್ತನೆಯ ಗ್ರೆಗೊರಿ ಜಗದ್ಗುರುಗಳು (ಪೋಪ್) ಅವರನ್ನು ಸಂತರೆಂದು ಘೋಷಿಸಿದರು. 1946ರಲ್ಲಿ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ಅವರನ್ನು ಧರ್ಮಸಭೆಯ ಪಂಡಿತರೆಂದು ಸಾರಿದರು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು ಅವರ ಕೊನೆಯ ವಸಂತದಲ್ಲಿ ನಡೆದ ಒಂದು ಘಟನೆ. ಅಂದಿನ ಪಾದುವಾದಲ್ಲಿ ಬಡ್ಡಿ ಸಾಲಕ್ಕೆ ಸಿಕ್ಕಿ ತೀರಿಸಲಾಗದವರನ್ನು ಸೆರೆಮನೆಗೆ ತಳ್ಳುತ್ತಿದ್ದರು. ಅಂತೋಣಿಯವರು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ ಉದ್ದಕ್ಕೂ ಬಡ್ಡಿಯ ಕ್ರೌರ್ಯವನ್ನು ಖಂಡಿಸಿ ಉಪದೇಶ ಮಾಡಿದರು. 1231ರ ಮಾರ್ಚ್‌ನಲ್ಲಿ, ತನ್ನ ಆಸ್ತಿಯನ್ನು ಬಿಟ್ಟುಕೊಟ್ಟ ಸಾಲಗಾರನನ್ನು ಸೆರೆಯಲ್ಲಿ ಇಡಬಾರದೆಂದು ನಗರಾಡಳಿತ ಮಾಡಿದ ಶಾಸನದಲ್ಲಿ, ಇದು ಅವರ ಕೋರಿಕೆಯ ಮೇರೆಗೆ ಆದದ್ದೆಂದು ದಾಖಲಾಗಿದೆ. ಸಾಲದ ಹೊರೆ ಹೊತ್ತು ಅವರ ಮುಂದೆ ನಿಲ್ಲುವ ನಮ್ಮೂರಿನ ರೈತನೂ ವ್ಯಾಪಾರಿಯೂ ಇದನ್ನು ತಿಳಿದಿರಬೇಕು. ಅಂಥವರ ಕಷ್ಟ ಅವರಿಗೆ ಹೊಸದಲ್ಲ.

ಇನ್ನು ಬಡವರ ರೊಟ್ಟಿಯ ವಿಚಾರ. ಪಾದುವಾದಲ್ಲಿ ತೊಮ್ಮಾಸಿನೋ ಎಂಬ ಮಗು ನೀರಿನ ತೊಟ್ಟಿಯಲ್ಲಿ ಮುಳುಗಿ ಸತ್ತಾಗ, ಅದರ ತಾಯಿ ಅಂತೋಣಿಯವರ ಮೊರೆಹೊಕ್ಕು, ಮಗು ಬದುಕಿದರೆ ಅದರ ತೂಕದಷ್ಟು ಧಾನ್ಯವನ್ನು ಬಡವರಿಗೆ ಕೊಡುವೆನೆಂದು ಹರಕೆ ಹೊತ್ತಳೆಂದೂ, ಮಗು ಎದ್ದು ಕುಳಿತಿತೆಂದೂ ಹಳೆಯ ಪವಾಡ ಕಥನಗಳು ಹೇಳುತ್ತವೆ. ಮಗುವಿನ ತೂಕದಷ್ಟು ಧಾನ್ಯ ಕೊಡುವ ಪದ್ಧತಿ ಆ ಬಳಿಕ ಬೆಳೆಯಿತು. ನಾವು ಇಂದು ಕಾಣುವ ಕಾಣಿಕೆ ಪೆಟ್ಟಿಗೆಯ ರೂಪ ಬಂದದ್ದು ಬಹಳ ತಡವಾಗಿ, 1890ರಲ್ಲಿ, ಫ್ರಾನ್ಸಿನ ತುಲೋನ್ ಪಟ್ಟಣದಲ್ಲಿ. ಲೂಯಿಸ್ ಬುಫಿಯೆ ಎಂಬಾಕೆಯ ಅಂಗಡಿಯ ಬೀಗ ಕೆಟ್ಟು, ಬಾಗಿಲು ಒಡೆಯದೆ ಬೇರೆ ದಾರಿಯಿಲ್ಲವೆಂದಾಗ, ಒಡೆಯದೆ ತೆರೆದರೆ ಬಡವರಿಗೆ ರೊಟ್ಟಿ ಕೊಡುವೆನೆಂದು ಆಕೆ ಸಂತರಿಗೆ ಮಾತು ಕೊಟ್ಟಳು, ಬಾಗಿಲು ತೆರೆಯಿತು. ಅಂಗಡಿಯ ಹಿಂಬದಿಯಲ್ಲಿ ಸಂತರ ಒಂದು ಪುಟ್ಟ ಸ್ವರೂಪವನ್ನು, ಅಂದರೆ ಪ್ರತಿಮೆಯನ್ನು, ಇಟ್ಟು ಅಲ್ಲಿ ಸೇರಿದ ಕಾಣಿಕೆಯಿಂದ ಬಡವರಿಗೆ ರೊಟ್ಟಿ ಹಂಚತೊಡಗಿದರು. ಅಲ್ಲಿಂದ ಈ ಪದ್ಧತಿ ದೇಶದೇಶಗಳ ದೇವಾಲಯಗಳಿಗೆ ಹಬ್ಬಿತು. ಎರಡು ಕಥೆಗಳಲ್ಲಿಯೂ ಹರಕೆಯ ವಸ್ತು ಸಂತರ ಪಾಲಿಗೆ ಹೋಗದೆ ಹಸಿದವರ ಪಾಲಿಗೆ ಹೋಗುತ್ತದೆ ಎಂಬುದನ್ನು ಗಮನಿಸಬೇಕು.

ಎಂದು ಆರಂಭಿಸಬೇಕು, ಹೇಗೆ ಸಿದ್ಧರಾಗಬೇಕು

ಅಂತೋಣಿಯವರ ಶವಸಂಸ್ಕಾರ ನಡೆದದ್ದು 1231ರ ಜೂನ್ 17, ಮಂಗಳವಾರ. ಮಂಗಳವಾರ ಅವರ ದಿನವಾದದ್ದು ಹೀಗೆ. ಭಕ್ತಿಯನ್ನು ಮೂರು ರೀತಿಯಲ್ಲಿ ಆಚರಿಸಬಹುದು: ಸಾಲಾಗಿ ಒಂಬತ್ತು ಮಂಗಳವಾರ, ಅವರು ತೀರಿಕೊಂಡ ತಾರೀಖಿನ ನೆನಪಿಗೆ ಹದಿಮೂರು ಮಂಗಳವಾರ, ಇಲ್ಲವೇ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ, ಅಂದರೆ ಜೂನ್ 4ರಿಂದ 12ರವರೆಗೆ. ಹದಿಮೂರು ಮಂಗಳವಾರಗಳನ್ನು ಹಬ್ಬಕ್ಕೆ ಮುಗಿಸಬೇಕೆನ್ನುವವರು ಮಾರ್ಚ್ 14ರಿಂದ 20ರೊಳಗೆ ಬರುವ ಮಂಗಳವಾರ ಆರಂಭಿಸಿದರೆ ಲೆಕ್ಕ ಸರಿಹೋಗುತ್ತದೆ. ಬಹಳಷ್ಟು ವರ್ಷಗಳಲ್ಲಿ ಅದು ತಪಸ್ಸು ಕಾಲದೊಳಗೇ ಬೀಳುತ್ತದೆ. ಪ್ರಾರ್ಥನೆ, ಉಪವಾಸ, ದಾನ ಮೂರೂ ಒಟ್ಟಿಗೆ ಕೂಡಿಬರುವುದರಿಂದ ನಾನು ಇದನ್ನೇ ಹೆಚ್ಚು ಮೆಚ್ಚುತ್ತೇನೆ. ಪ್ರಾರ್ಥನೆಗೆ ಉಪವಾಸವೂ ದಾನವೂ ಜೊತೆಯಾದರೆ ಒಳ್ಳೆಯದೆಂದು ತೊಬಿತನ ಗ್ರಂಥದಲ್ಲಿ ದೇವದೂತನೇ ಹೇಳಿದ್ದಾನಲ್ಲವೇ? ನಡುವೆ ಒಂದು ವಾರ ಕಾಯಿಲೆಯಿಂದಲೋ ಪ್ರಯಾಣದಿಂದಲೋ ತಪ್ಪಿದರೆ ನವೇನ ಕೆಟ್ಟುಹೋಯಿತೆಂದು ಹೆದರಬೇಕಾಗಿಲ್ಲ. ಮುಂದಿನ ಮಂಗಳವಾರ ಮುಂದುವರಿಸಿದರಾಯಿತು.

ಮೊದಲ ವಾರಕ್ಕೆ ಮುಂಚೆ ಪಾಪನಿವೇದನೆ ಮಾಡುವುದು ಉತ್ತಮ. ಕಾಣಿಕೆಯನ್ನು ಬಲಿಪೀಠಕ್ಕೆ ತರುವಾಗ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿರುವುದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂದು ಯೇಸುಸ್ವಾಮಿ ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಆ ಮಾತನ್ನು ನೇರವಾಗಿಯೇ ಪಾಲಿಸಬೇಕು. ಮಾತು ಬಿಟ್ಟ ತಮ್ಮನಿಗೆ ಒಂದು ಫೋನ್ ಮಾಡುವುದೂ ಈ ಸಿದ್ಧತೆಗೆ ಸೇರಿದೆ. ಹಾಗೆಯೇ ಯಾರಿಗಾದರೂ ಹಣ ಬಾಕಿ ಇದ್ದರೆ ಮೊದಲು ಅದನ್ನು ತೀರಿಸಬೇಕು. ಮನೆಗೆಲಸಕ್ಕೆ ಬರುವವರ ಸಂಬಳವನ್ನು ತಿಂಗಳ ಹತ್ತನೆಯ ತಾರೀಖಿನವರೆಗೆ ತಡೆಹಿಡಿದು, ಅದೇ ವಾರ ಬಡವರ ಪೆಟ್ಟಿಗೆಗೆ ನೋಟು ಹಾಕಿದರೆ ಅದು ದಾನವಾಗುವುದಿಲ್ಲ, ಬೇರೆಯವರ ಹಣವನ್ನು ಕೊಟ್ಟಂತಾಗುತ್ತದೆ.

ಮಂಗಳವಾರದ ಪ್ರಾರ್ಥನೆ

ಸಾಧ್ಯವಿರುವವರು ಅಂದು ದಿವ್ಯ ಬಲಿಪೂಜೆಯಲ್ಲಿ ಭಾಗವಹಿಸಿ ಪರಮಪ್ರಸಾದ ಸ್ವೀಕರಿಸಲಿ. ಸಂತರ ಭಕ್ತಿ ನಮ್ಮನ್ನು ಬಲಿಪೀಠದ ಬಳಿಗೆ ಕರೆದೊಯ್ಯಬೇಕು. ಬಲಿಪೂಜೆ ಮುಗಿಯುವವರೆಗೆ ಹೊರಗೆ ನಿಂತು ಆಮೇಲೆ ನವೇನಕ್ಕೆ ಮಾತ್ರ ಒಳಬರುವುದು ತರವಲ್ಲ. ಹೋಗಲಾಗದವರು ಮನೆಯಲ್ಲಿ ಇಪ್ಪತ್ತು ನಿಮಿಷ ಮೀಸಲಿಟ್ಟರೆ ಸಾಕು. ಶಿಲುಬೆಯ ಗುರುತು ಹಾಕಿ ಸ್ವಲ್ಪ ಹೊತ್ತು ಮೌನವಾಗಿರಿ. ಆ ದಿನದ ಶುಭಸಂದೇಶವನ್ನು ಒಬ್ಬರು ಗಟ್ಟಿಯಾಗಿ ಓದಲಿ; ಅಂತೋಣಿಯವರ ಕೈಯಲ್ಲಿ ಬಾಲಯೇಸು ಕುಳಿತಿರುವುದು ಪುಸ್ತಕದ ಮೇಲೆ ಎಂಬುದನ್ನು ಅನೇಕ ಸ್ವರೂಪಗಳಲ್ಲಿ ಕಾಣುತ್ತೇವೆ, ಆ ಪುಸ್ತಕವನ್ನು ತೆರೆಯದೆ ಅವರ ಭಕ್ತಿ ಪೂರ್ಣವಾಗದು. ಬಳಿಕ ಕಳೆದ ವಾರ ದೊರೆತ ಒಳಿತಿಗೆ ಕೃತಜ್ಞತೆ ಸಲ್ಲಿಸಿ, ಆಮೇಲೆ ಕೋರಿಕೆಯನ್ನು ಹೇಳಿ.

ಕೋರಿಕೆ ಒಂದೇ ಇರಲಿ, ಸ್ಪಷ್ಟವಾಗಿರಲಿ, ಅದರ ಜೊತೆಗೆ ಬೇರೆಯವರೊಬ್ಬರ ಕೋರಿಕೆಯೂ ಇರಲಿ. ನಿಮ್ಮ ಮಗಳ ಮದುವೆಗೆ ಪ್ರಾರ್ಥಿಸುವಾಗ ಪಕ್ಕದ ಬೀದಿಯ ಇನ್ನೊಬ್ಬರ ಮಗಳನ್ನೂ ಹೆಸರು ಹೇಳಿ ನೆನೆಯಿರಿ. ಈ ಒಂದು ಅಭ್ಯಾಸ ಹದಿಮೂರು ವಾರಗಳಲ್ಲಿ ಮನುಷ್ಯನನ್ನು ಎಷ್ಟು ಬದಲಿಸುತ್ತದೆ ಎಂಬುದನ್ನು ನಾನು ನನ್ನ ಮನೆಯಲ್ಲೇ ಕಂಡಿದ್ದೇನೆ. ನಂತರ ಪರಲೋಕ ಪ್ರಾರ್ಥನೆ, ನಮೋ ಮರಿಯಾ, ತ್ರಿತ್ವಸ್ತುತಿಗಳನ್ನು ಮೂರು ಸಲ ಹೇಳಬಹುದು. ಸ್ಪೇಯರ್ ಊರಿನ ಜೂಲಿಯನ್ ಎಂಬ ಫ್ರಾನ್ಸಿಸ್ಕನ್ ಸಹೋದರರು ಹದಿಮೂರನೆಯ ಶತಮಾನದಲ್ಲೇ ರಚಿಸಿದ, ಅದ್ಭುತಗಳನ್ನು ಅರಸುವವನೇ ಎಂದು ಆರಂಭವಾಗುವ ಸಂತರ ಕೀರ್ತನೆ ನಿಮ್ಮ ಧರ್ಮಕೇಂದ್ರದ ನವೇನ ಪುಸ್ತಕದಲ್ಲಿದ್ದರೆ ಅದನ್ನು ಹಾಡಿರಿ. ಪುಸ್ತಕವಿಲ್ಲದವರು ಇಂಥ ನಾಲ್ಕು ಮಾತಿನಿಂದಲೂ ಪ್ರಾರ್ಥಿಸಬಹುದು:

ತಂದೆಯಾದ ದೇವರೇ, ನಿಮ್ಮ ದಾಸ ಅಂತೋಣಿಯವರ ಬಾಯಿಗೆ ಶುಭಸಂದೇಶವನ್ನೂ ಕೈಗೆ ಬಡವರ ರೊಟ್ಟಿಯನ್ನೂ ಕೊಟ್ಟಿರಿ. ನಮ್ಮ ಈ ಕೋರಿಕೆಯನ್ನು ಅವರ ಪ್ರಾರ್ಥನೆಯ ಜೊತೆ ನಿಮ್ಮ ಮುಂದೆ ಇಡುತ್ತೇವೆ. ನಿಮ್ಮ ಚಿತ್ತವಾದರೆ ಈಡೇರಿಸಿರಿ. ಈಡೇರುವವರೆಗೆ ತಾಳ್ಮೆ ಕೊಡಿರಿ. ನಮ್ಮ ಬಾಗಿಲಿಗೆ ಬಂದ ಬಡವರಲ್ಲಿ ನಿಮ್ಮ ಪುತ್ರನನ್ನು ಗುರುತಿಸುವ ಕಣ್ಣು ಕೊಡಿರಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.

ಪ್ರಾರ್ಥನೆ ಮುಗಿದ ತಕ್ಷಣ, ಏಳುವ ಮೊದಲೇ, ಆ ವಾರದ ಕಾಣಿಕೆಯನ್ನು ಮನೆಯಲ್ಲಿ ಬಡವರಿಗೆಂದು ಇಟ್ಟುಕೊಂಡ ಡಬ್ಬಿಗೆ ಹಾಕಬೇಕು. ಆಮೇಲೆ ಹಾಕೋಣವೆಂದು ಎದ್ದುಹೋದರೆ ಆ ಆಮೇಲೆ ಬರುವುದೇ ಇಲ್ಲ.

ಹರಕೆಯ ವಿಚಾರ

ಹರಕೆ ಹೊರುವುದಕ್ಕೆ ಮುಂಚೆ ಎರಡು ರಾತ್ರಿ ಯೋಚಿಸಿರಿ. ಧರ್ಮಸಭೆಯ ಕಾನೂನಿನ 1191ನೆಯ ನಿಯಮದಂತೆ, ಸಾಧ್ಯವಿರುವ ಮತ್ತು ಹೆಚ್ಚು ಒಳ್ಳೆಯದಾದ ಒಂದು ಕಾರ್ಯವನ್ನು ಕುರಿತು, ತಿಳಿದು, ಸ್ವಇಚ್ಛೆಯಿಂದ ದೇವರಿಗೆ ಕೊಡುವ ಮಾತೇ ಹರಕೆ. ಮಾತು ಕೊಡುವುದು ದೇವರಿಗೆ, ಸಂತರು ಸಾಕ್ಷಿಗಳು. ಶಕ್ತಿ ಮೀರಿದ್ದನ್ನು ಹೇಳಿಕೊಂಡು ಸಾಲ ಮಾಡಿ ತೀರಿಸುವುದು ಸರಿಯಲ್ಲ. ಹರಕೆ ಹೊತ್ತವರನ್ನು ಮಾತ್ರ ಅದು ಕಟ್ಟುತ್ತದೆ ಎಂದೂ ಅದೇ ಕಾನೂನು ಹೇಳುತ್ತದೆ. ಆದುದರಿಂದ ಮಗ ಪಾಸಾದರೆ ಅವನು ನಡೆದು ಬರುತ್ತಾನೆ ಎಂದು ತಾಯಿ ಹೇಳಿಕೊಂಡರೆ ನಡೆಯಬೇಕಾದ ಕರ್ತವ್ಯ ಮಗನಿಗೆ ಬರುವುದಿಲ್ಲ. ವಯಸ್ಸಾಗಿ, ಕಾಯಿಲೆಯಾಗಿ ತೀರಿಸಲಾಗದೆ ಎಷ್ಟೋ ಹಿರಿಯರು ಒಳಗೊಳಗೇ ಕೊರಗುತ್ತಾರೆ. ಅವರು ಧರ್ಮಕೇಂದ್ರದ ಗುರುಗಳನ್ನು ಕಂಡು ವಿಷಯ ತಿಳಿಸಲಿ. ನ್ಯಾಯವಾದ ಕಾರಣವಿದ್ದರೆ ವೈಯಕ್ತಿಕ ಹರಕೆಯಿಂದ ಬಿಡುಗಡೆ ನೀಡುವ ಅಧಿಕಾರ ಧರ್ಮಕೇಂದ್ರದ ಗುರುಗಳಿಗಿದೆ. ಹರಕೆಯನ್ನು ಅದಕ್ಕೆ ಸಮನಾದ ಅಥವಾ ಅದಕ್ಕಿಂತ ಉತ್ತಮವಾದ ಕಾರ್ಯಕ್ಕೆ ಬದಲಿಸಿಕೊಳ್ಳುವ ಅವಕಾಶ ಹೊತ್ತವರಿಗೂ ಇದೆ.

ಸಾಧ್ಯವಾದರೆ ಷರತ್ತಿಲ್ಲದೆ ಕೊಡುವುದನ್ನೇ ಕಲಿಯಬೇಕೆಂದು ನನ್ನ ಮನವಿ. ಕೆಲಸ ಸಿಕ್ಕಿದರೆ ಮೊದಲ ಸಂಬಳದ ಒಂದು ಭಾಗ ಬಡವರಿಗೆ ಎಂದು ಯೌವನದಲ್ಲಿ ಹೇಳಿಕೊಂಡಿದ್ದೆ. ಕೆಲಸ ಸಿಕ್ಕಿತು, ಬಾಡಿಗೆ ಮುಂಗಡ, ಹೊಸ ಬಟ್ಟೆ ಎಂದು ಮೂರು ತಿಂಗಳು ಮುಂದೂಡಿದೆ. ಕೊಡುವಾಗ ಅದು ಕೃತಜ್ಞತೆಯಾಗಿ ಉಳಿದಿರಲಿಲ್ಲ, ತೀರಿಸಬೇಕಾದ ಬಾಕಿಯಾಗಿತ್ತು. ಅಂದಿನಿಂದ ಕೋರಿಕೆಯ ಮೊದಲ ವಾರವೇ ಕೊಡುವುದನ್ನು ಆರಂಭಿಸುತ್ತೇನೆ, ಫಲ ಏನಾದರೂ ಆಗಲಿ.

ಎಷ್ಟು, ಯಾರಿಗೆ, ಹೇಗೆ

ಮೊತ್ತಕ್ಕೆ ನಿಯಮವಿಲ್ಲ. ಆದರೆ ಅಳತೆ ಒಂದಿರಬೇಕು. ಮಂಗಳವಾರ ಒಂದು ಹೊತ್ತಿನ ಊಟವನ್ನೋ ಕಾಫಿ ತಿಂಡಿಯನ್ನೋ ಬಿಟ್ಟು ಅದರ ಬೆಲೆಯನ್ನು ತೆಗೆದಿಡುವುದು ಹಳೆಯ, ಚೆಂದದ ಅಳತೆ. ನಮ್ಮ ಅಮ್ಮ ಅನ್ನಕ್ಕೆ ಅಕ್ಕಿ ಅಳೆಯುವಾಗ ಅದರಿಂದಲೇ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದರು. ತಿಂಗಳ ಕೊನೆಗೆ ಆ ಅಕ್ಕಿ ಒಬ್ಬ ವಿಧವೆಯ ಮನೆಗೆ ಹೋಗುತ್ತಿತ್ತು. ಉಳಿದದ್ದನ್ನು ಕೊಡುವುದಕ್ಕೂ ಮೊದಲೇ ತೆಗೆದಿಡುವುದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ಆ ಡಬ್ಬಿಯಿಂದ ಕಲಿತೆ. ಮಗುವಿನ ಹುಟ್ಟುಹಬ್ಬಕ್ಕೆ ಅದರ ತೂಕದಷ್ಟು ಅಕ್ಕಿ ಅಥವಾ ರಾಗಿಯನ್ನು ಕೊಡುವುದು ತೊಮ್ಮಾಸಿನೋ ತಾಯಿಯ ಹರಕೆಯ ನೇರ ಮುಂದುವರಿಕೆ. ಹನ್ನೆರಡು ಕಿಲೋದ ಮಗುವಿಗೆ ಹನ್ನೆರಡು ಕಿಲೋ ಅಕ್ಕಿ ಹೆಚ್ಚಿನ ಕುಟುಂಬಗಳಿಗೆ ಭಾರವಾಗಲಾರದು, ಮತ್ತು ತಕ್ಕಡಿಯಲ್ಲಿ ಕುಳಿತ ಮಗು ಅದನ್ನು ಮರೆಯುವುದಿಲ್ಲ.

ಕೊಡುವ ವಸ್ತುವನ್ನು ಪಡೆಯುವವರ ಕಡೆಯಿಂದ ಯೋಚಿಸಬೇಕು. ವೃದ್ಧಾಶ್ರಮಕ್ಕೆ ಹಬ್ಬದ ದಿನ ನಾಲ್ಕು ಕಡೆಯಿಂದ ಬಿರಿಯಾನಿ ಬಂದು, ಮುಂದಿನ ವಾರ ಸಕ್ಕರೆ ಕಾಯಿಲೆಯ ಮಾತ್ರೆಗೆ ಹಣವಿಲ್ಲದಿರುವುದು ಸಾಮಾನ್ಯ. ಮೊದಲೇ ಫೋನ್ ಮಾಡಿ ಏನು ಬೇಕೆಂದು ಕೇಳಿ. ರೊಟ್ಟಿ ಎಂದರೆ ತಿನ್ನುವ ರೊಟ್ಟಿಯೇ ಆಗಬೇಕೆಂದಿಲ್ಲ. ಶಾಲಾ ಶುಲ್ಕ, ಔಷಧಿ, ಬಸ್ ಪಾಸ್, ಕೈಸಾಲದ ಬಡ್ಡಿಯಿಂದ ಒಬ್ಬರನ್ನು ಬಿಡಿಸುವುದು, ಇವೆಲ್ಲವೂ ಬಡವರ ರೊಟ್ಟಿಯೇ. ಪಾದುವಾದ ಶಾಸನವನ್ನು ನೆನೆದರೆ ಕೊನೆಯದು ಅಂತೋಣಿಯವರ ಮನಸ್ಸಿಗೆ ಬಹಳ ಹತ್ತಿರ. ಅವರ ಸ್ವರೂಪಕ್ಕೆ ಇನ್ನೊಂದು ಹೂವಿನ ಹಾರ ಹಾಕುವ ಹಣ ಅಲ್ಲಿಗೆ ಹೋಗಲಿ. ಒಂದು ಮೇಣದ ಬತ್ತಿ ಸಾಕು.

ಧರ್ಮಕೇಂದ್ರದ ಮೂಲಕ ಕೊಡುವವರು ಉದ್ದೇಶವನ್ನು ಲಕೋಟೆಯ ಮೇಲೆ ಬರೆಯಬೇಕು. ನಿರ್ದಿಷ್ಟ ಉದ್ದೇಶಕ್ಕೆಂದು ಭಕ್ತರು ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೇ ಬಳಸಬೇಕೆಂದು 1267ನೆಯ ನಿಯಮ ಹೇಳುತ್ತದೆ. ಬಲಿಪೂಜೆಯ ಕಾಣಿಕೆ ಬೇರೆ, ಬಡವರ ಕಾಣಿಕೆ ಬೇರೆ. ಎರಡನ್ನೂ ಒಂದೇ ಲಕೋಟೆಯಲ್ಲಿ ಬೆರೆಸಬೇಡಿ. ಪೂಜೆಯ ಕಾಣಿಕೆ ಕೊಡಲಾಗದ ಬಡವರ ಕೋರಿಕೆಗೂ ಗುರುಗಳು ಬಲಿಪೂಜೆ ಅರ್ಪಿಸಬೇಕೆಂದು ಕಾನೂನು ಆಗ್ರಹದಿಂದ ಹೇಳಿರುವುದರಿಂದ ಯಾರೂ ಸಂಕೋಚಪಡಬೇಕಾಗಿಲ್ಲ. ನಿಮ್ಮ ಧರ್ಮಕೇಂದ್ರದಲ್ಲಿ ಸಂತ ವಿನ್ಸೆಂಟ್ ದಿ ಪಾಲ್ ಸಭೆಯಿದ್ದರೆ ಹಣ ಕೊಟ್ಟು ಸುಮ್ಮನಾಗದೆ ಅವರ ಜೊತೆ ಒಂದು ಮನೆಗೆ ಹೋಗಿಬನ್ನಿ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಆ ಸಭೆ ಹುಟ್ಟಿದಾಗಿನಿಂದ ಬಡವರ ಮನೆಗೆ ಹೋಗಿ ಕುಳಿತು ಮಾತಾಡುವುದೇ ಅದರ ಮುಖ್ಯ ಕೆಲಸ. ವಿದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಬೇರೆ ದೇಶದ ಪೌರತ್ವ ಪಡೆದವರು ಕೊಡುವ ಹಣ ಕಾನೂನಿನ ಕಣ್ಣಿಗೆ ವಿದೇಶಿ ವಂತಿಗೆಯಾಗುವುದರಿಂದ, ಅದನ್ನು ಪಡೆಯಲು ಅನುಮತಿಯಿರುವ ಸಂಸ್ಥೆಗೆ, ಅದಕ್ಕೆಂದೇ ಇರುವ ಖಾತೆಗೆ ಮಾತ್ರ ಕಳುಹಿಸಬೇಕು.

ಕೊಡುವ ಕೈಯ ಫೋಟೋ ತೆಗೆಯಬೇಡಿ. ಬಲಗೈ ಮಾಡಿದ ದಾನ ಎಡಗೈಗೂ ತಿಳಿಯಬಾರದೆಂದ ಸ್ವಾಮಿಯ ಮಾತು ಮೊಬೈಲಿಗೂ ಅನ್ವಯಿಸುತ್ತದೆ. ಪಡೆದವರ ಮುಖ ಹತ್ತು ಗುಂಪುಗಳಲ್ಲಿ ಹರಿದಾಡಿದರೆ ಅವರ ಮಕ್ಕಳು ನಾಳೆ ಶಾಲೆಯಲ್ಲಿ ತಲೆ ತಗ್ಗಿಸಬೇಕಾಗುತ್ತದೆ.

ದೂರವಿಡಬೇಕಾದ ಕೆಲವು ಪದ್ಧತಿಗಳು

ಈ ಪ್ರಾರ್ಥನೆಯನ್ನು ಒಂಬತ್ತು ಜನರಿಗೆ ಕಳುಹಿಸದಿದ್ದರೆ ಕೇಡಾಗುತ್ತದೆ ಎಂಬ ಸಂದೇಶ ಬಂದರೆ ಅಲ್ಲಿಯೇ ಅಳಿಸಿಹಾಕಿ. ಕೋರಿಕೆ ಈಡೇರುವವರೆಗೆ ಸ್ವರೂಪವನ್ನು ತಲೆಕೆಳಗಾಗಿ ಇಡುವುದು, ಅದರ ಕೈಯಿಂದ ಬಾಲಯೇಸುವನ್ನು ಬೇರ್ಪಡಿಸಿ ಇಡುವುದು ಕೆಲವು ದೇಶಗಳಲ್ಲಿ ಜನರ ರೂಢಿಯಾಗಿದ್ದರೂ ಅದು ಭಕ್ತಿಯಲ್ಲ. ಹದಿಮೂರು ವಾರ ಕಳೆದೂ ಕೋರಿಕೆ ಈಡೇರದಿದ್ದರೆ ತಮ್ಮ ಕಾಣಿಕೆ ಕಡಿಮೆಯಾಯಿತೇನೋ ಎಂದು ಕೆಲವರು ನೊಂದುಕೊಳ್ಳುತ್ತಾರೆ. ಹಣದಿಂದ ಕೊಳ್ಳುವ ವರ ಯಾವುದೂ ಇಲ್ಲ. ಮೊರಾಕ್ಕೋಗೆ ಹೋಗಿ ರಕ್ತಸಾಕ್ಷಿಯಾಗಬೇಕೆಂದು ಅಂತೋಣಿಯವರೇ ಮನಸಾರೆ ಬೇಡಿದ್ದು ಅವರಿಗೆ ದೊರೆಯಲಿಲ್ಲ; ಬಿರುಗಾಳಿ ಅವರನ್ನು ಒಯ್ದ ದಡದಲ್ಲಿ ದೇವರು ಅವರಿಗೆ ಬೇರೆ ಕೆಲಸ ಇಟ್ಟಿದ್ದರು. ಇದನ್ನು ನೆನೆದು, ಬೇಕಾದರೆ ಗುರುಗಳೊಡನೆ ಮಾತಾಡಿ, ಪ್ರಾರ್ಥನೆಯನ್ನು ಮುಂದುವರಿಸಬೇಕು.

ಯಾತ್ರೆ ಹೋಗಬೇಕೆನ್ನುವವರಿಗೆ ಮೈಸೂರು ಧರ್ಮಕ್ಷೇತ್ರದ ಡೋರನಹಳ್ಳಿಯಿದೆ. ಹೊಲ ಉಳುತ್ತಿದ್ದ ರೈತನಿಗೆ ಮಣ್ಣಿನಲ್ಲಿ ಸಿಕ್ಕ ಮರದ ಸ್ವರೂಪವನ್ನು ಗೊಂಬೆಯೆಂದು ತಿಳಿದು ಮಕ್ಕಳಿಗೆ ಆಡಲು ಕೊಟ್ಟನೆಂಬ ಐತಿಹ್ಯವಿರುವ ಆ ಕ್ಷೇತ್ರ 2019ರಲ್ಲಿ ಬಸಿಲಿಕವೆಂಬ ಗೌರವ ಪಡೆಯಿತು. ಎಲ್ಲ ಧರ್ಮದವರೂ ಅಲ್ಲಿಗೆ ಬರುತ್ತಾರೆ. ಹೋಗುವಾಗ ಊಟ ಕಟ್ಟಿಕೊಂಡರೆ ಎರಡು ಪೊಟ್ಟಣ ಹೆಚ್ಚಿಗೆ ಕಟ್ಟಿಕೊಳ್ಳಿ. ನಿಮ್ಮ ಧರ್ಮಕೇಂದ್ರದ ಪಾಲಕ ಸಂತರು ಬೇರೆಯವರಾಗಿದ್ದರೂ ಈ ಕ್ರಮವನ್ನೇ ಅನುಸರಿಸಬಹುದು. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರನ್ನೇ ನೋಡಿ: 258ರಲ್ಲಿ ರೋಮಿನ ಅಧಿಕಾರಿಗಳು ಧರ್ಮಸಭೆಯ ಸಂಪತ್ತನ್ನು ಒಪ್ಪಿಸೆಂದಾಗ ಅವರು ಬಡವರನ್ನು ಕರೆತಂದು ನಿಲ್ಲಿಸಿದರೆಂದು ಪರಂಪರೆ ಹೇಳುತ್ತದೆ.

ಹದಿಮೂರನೆಯ ಮಂಗಳವಾರ ಮನೆಯವರೆಲ್ಲ ಸೇರಿ ಡಬ್ಬಿಯನ್ನು ತೆರೆದು ಎಣಿಸಿ. ಯಾರಿಗೆ ಕೊಡುವುದೆಂದು ಮಕ್ಕಳೂ ಹೇಳಲಿ. ಜೂನ್ 13ರಂದು ಅನೇಕ ಕಡೆ ಬಲಿಪೂಜೆಯ ಬಳಿಕ ಆಶೀರ್ವದಿಸಿದ ಪುಟ್ಟ ರೊಟ್ಟಿಗಳನ್ನು ಹಂಚುತ್ತಾರೆ. ನಿಮ್ಮ ಪಾಲಿನದನ್ನು ಅಲ್ಲಿಯೇ ತಿಂದು ಮುಗಿಸಬೇಡಿ. ಅರ್ಧ ಮುರಿದು ಕಾಗದದಲ್ಲಿ ಸುತ್ತಿ, ಅಂದು ದೇವಾಲಯಕ್ಕೆ ಬರಲಾಗದೆ ಹಾಸಿಗೆ ಹಿಡಿದಿರುವ ನಿಮ್ಮ ಬೀದಿಯ ಅಜ್ಜಿಗೆ ಕೊಂಡೊಯ್ಯಿರಿ, ಸ್ವಲ್ಪ ಹೊತ್ತು ಅವರ ಬಳಿ ಕುಳಿತಿದ್ದು ಬನ್ನಿ.